ಗಾಳಿಗೆ ಬಿದ್ದ ಮನೆಗೆ ವಿಮೆ ಇದೆ, ಕಡಲು ಕೊರೆದ ಮನೆಗೆ ಇಲ್ಲ

ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳಲ್ಲಿ ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿದವರನ್ನು ಒಮ್ಮೆ ಕೇಳಿ ನೋಡಿ, ನಿಮ್ಮ ಮನೆಗೆ ವಿಮೆ ಇದೆಯೇ ಎಂದು. ಇಲ್ಲ ಎನ್ನುವವರೇ ಹೆಚ್ಚು. ಹಾಗೆ ಹೇಳಿದವರಲ್ಲೂ ಸುಮಾರು ಜನರ ಮನೆಗೆ ವಿಮೆ ಇರುತ್ತದೆ. ಸಾಲ ಮಂಜೂರು ಮಾಡುವಾಗ ಬ್ಯಾಂಕೇ ಅದನ್ನು ಮಾಡಿಸಿ, ಪ್ರೀಮಿಯಂ ಹಣವನ್ನು ಸಾಲದ ಖಾತೆಗೇ ಹಾಕಿ, ಪಾಲಿಸಿಯ ಕಾಗದವನ್ನು ಕಡತಕ್ಕೆ ಸೇರಿಸಿರುತ್ತದೆ. ಮಾಡು ಹಾರಿಹೋದ ಮೇಲೂ ಆ ಕಾಗದ ಅಲ್ಲೇ ಇರುತ್ತದೆ. ಮನೆಯವರು ತಹಶೀಲ್ದಾರರ ಕಚೇರಿಗೆ ಅಲೆಯುತ್ತಾರೆ, ಕೈಸಾಲ ಮಾಡುತ್ತಾರೆ, ಬಂಗಾರ ಅಡವಿಡುತ್ತಾರೆ. ಬ್ಯಾಂಕಿಗೆ ಹೋಗಿ ಪಾಲಿಸಿ ಕೇಳುವವರು ಇಲ್ಲ.

ನಾನು ಕುಮಟಾ ಬದಿಯ ಒಂದು ಸಹಕಾರಿ ಸಂಘದ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮ ಜನರಿಗೆ ವಿಮೆ ಹೊಸತೇನಲ್ಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಗೆ ಮಳೆ ಹಿಡಿಯುವ ಹೊತ್ತಿಗೆ ಸಂಘದ ಬಾಗಿಲಲ್ಲಿ ಸರತಿ ನಿಲ್ಲುತ್ತಾರೆ. ವಿಮೆ ಮೊತ್ತದ ಶೇ. 5ರಷ್ಟನ್ನು ರೈತ ಕಟ್ಟಬೇಕು, ಉಳಿದದ್ದು ಸರ್ಕಾರದ್ದು, ಮಳೆಮಾಪಕ ತೋರಿಸಿದ ಲೆಕ್ಕದ ಮೇಲೆ ಹಣ ಬರುತ್ತದೆ. ಇಷ್ಟನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಬಿಡಿಸಿ ಹೇಳಬಲ್ಲಳು. ಅದೇ ಅಜ್ಜಿ ಮಲಗುವ ಮನೆಯ ವಿಮೆಯ ಬಗ್ಗೆ ಅವಳಿಗೆ ಯಾರೂ ಏನೂ ಹೇಳಿಲ್ಲ. ಬೆಳೆ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ. ಲೆಕ್ಕ ಹೊಂದಿದರೆ ಹಣ ಖಾತೆಗೆ ಬೀಳುತ್ತದೆ. ಮನೆ ವಿಮೆಯಲ್ಲಿ ಕೇಳಿದವರಿಗೆ ಮಾತ್ರ ಹಣ. ಕೇಳಬೇಕೆಂದರೆ ಪಾಲಿಸಿಯಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಿರಬೇಕು.

2021ರ ಏಪ್ರಿಲ್ 1ರಿಂದ ದೇಶದ ಮನೆ ವಿಮೆಗೆ ಒಂದು ಗೊತ್ತಾದ ಪಾಠ ಬಂದಿದೆ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ರೂಪಿಸಿದ ಆ ಪಾಲಿಸಿಯ ಹೆಸರು ‘ಭಾರತ್ ಗೃಹ ರಕ್ಷಾ’. ಕಂಪನಿ ಯಾವುದೇ ಇರಲಿ, ಪಾಲಿಸಿಯ ಒಕ್ಕಣೆ ಒಂದೇ. ಅದು ಜಾರಿಗೆ ಬಂದ ಆರೇಳು ವಾರಗಳಲ್ಲೇ, ಮೇ ಮಧ್ಯದಲ್ಲಿ, ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿನ ಕಡೆಗೆ ಹೋಯಿತು. ಲಾಕ್‌ಡೌನ್ ಇದ್ದ ಕಾಲ. ಜಾಲಿ, ತೆಂಗಿನಗುಂಡಿಯಿಂದ ಕಾಸರಕೋಡ ಟೊಂಕದವರೆಗೆ ದಂಡೆಯ ಮೇಲಿನ ಜನ ಆ ಎರಡು ದಿನ ಕಡಲಿಗೆ ಮುಖ ಮಾಡಿ ಕೂತಿದ್ದರು. ಹೊಸ ಪಾಲಿಸಿಯ ಸುದ್ದಿ ಆಗ ಯಾರ ಕಿವಿಗೂ ಬಿದ್ದಿರಲಿಲ್ಲ. ಇವತ್ತಿಗೂ ಬೀಳಬೇಕಾದಷ್ಟು ಬಿದ್ದಿಲ್ಲ.

ಆ ಪಾಲಿಸಿ ಕೊಡುವುದು ಕಡಿಮೆಯೇನಲ್ಲ. ಬೆಂಕಿ, ಸಿಡಿಲು, ಭೂಕಂಪ ಹೇಗೂ ಇವೆ. ಬಿರುಗಾಳಿ, ಚಂಡಮಾರುತ, ನೆರೆ, ನೀರು ನುಗ್ಗುವುದು, ಸುನಾಮಿ ಇವೆ. ಭೂಕುಸಿತ ಇದೆ. ಹೊರಗಿನ ಯಾವುದೇ ವಸ್ತು ಬಂದು ಅಪ್ಪಳಿಸಿ ಆದ ಹಾನಿ ಇದೆ, ಅದರಲ್ಲಿ ಬೀಳುವ ಮರವನ್ನು ಹೆಸರು ಹೇಳಿಯೇ ಸೇರಿಸಿದ್ದಾರೆ. ನೀರಿನ ಟಾಕಿ ಒಡೆದು ಆದ ನಷ್ಟ ಇದೆ. ಇಂಥ ಅವಘಡವಾದ ಏಳು ದಿನದೊಳಗೆ, ಬಾಗಿಲು ಮುರಿದು ಬಿದ್ದಿರುವ ಮನೆಗೆ ಕಳ್ಳ ನುಗ್ಗಿದರೆ ಅದೂ ಇದೆ. ಮನೆ ವಾಸಕ್ಕೆ ಬಾರದ ಸ್ಥಿತಿಯಲ್ಲಿದ್ದರೆ ಬೇರೆ ಕಡೆ ಇರಲು ಬಾಡಿಗೆಯೂ ಸಿಗುತ್ತದೆ. ಬಿದ್ದ ಮಣ್ಣು, ಕಲ್ಲು, ಹಂಚು ಸಾಗಿಸುವ ಖರ್ಚಿಗೆ ಕ್ಲೇಮಿನ ಶೇ. 2, ಎಂಜಿನಿಯರ್ ಮುಂತಾದವರ ಶುಲ್ಕಕ್ಕೆ ಶೇ. 5ರವರೆಗೆ ಪ್ರತ್ಯೇಕವಾಗಿ ಕೊಡುತ್ತಾರೆ. ಪಾಗಾರ, ಗೇಟು, ಧರೆಗೆ ಕಟ್ಟಿದ ತಡೆಗೋಡೆ, ಸೋಲಾರ್ ಹಲಗೆ, ಸೆಪ್ಟಿಕ್ ಟ್ಯಾಂಕ್ ಎಲ್ಲವೂ ಮನೆಯ ಲೆಕ್ಕಕ್ಕೇ ಸೇರುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಮೊದಲು ಬೀಳುವುದೇ ಪಾಗಾರ. ಅದಕ್ಕೂ ವಿಮೆ ಇದೆ ಎಂದು ಹೇಳಿದಾಗ ನಂಬದವರನ್ನು ನಾನು ನೋಡಿದ್ದೇನೆ.

ಒಂದು ಮನೆಯ ವಿಷಯ ಹೇಳುತ್ತೇನೆ. ಶರಾವತಿ ದಂಡೆಯ ಒಂದು ಮಜರೆ. ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚು. ಆರಿದ್ರಾ ಮಳೆಯ ಗಾಳಿಗೆ ಪಕ್ಕದ ಹಿತ್ತಲಿನ ತೆಂಗಿನ ಮರ ಬುಡ ಸಮೇತ ಕಿತ್ತು ಅಡುಗೆಮನೆಯ ಮೇಲೆ ಅಡ್ಡಬಿತ್ತು. ಆ ಮನೆಯ ಅಕ್ಕ ನನಗೆ ಫೋನ್ ಮಾಡಿದ್ದು ವಿಮೆಗಾಗಿ ಅಲ್ಲ, ತಲಾಟಿ ಕಚೇರಿಗೆ ಅರ್ಜಿ ಬರೆದುಕೊಡಲು. ‘ಸಾಲ ಯಾವ ಬ್ಯಾಂಕಿನದ್ದು ಅಕ್ಕಾ?’ ಎಂದು ಕೇಳಿದೆ. ಹೇಳಿದರು. ಅಷ್ಟರಲ್ಲಿ ಅವರ ಮಗ ಮರ ಕಡಿಸಲು ಜನ ಕರೆದಾಗಿತ್ತು. ಮೊದಲು ಫೋಟೋ ತೆಗೆಯಪ್ಪ, ಮರ ಇದ್ದ ಹಾಗೇ ನಾಲ್ಕೂ ದಿಕ್ಕಿನಿಂದ ತೆಗೆ, ಒಡೆದ ಹಂಚನ್ನು ಹೊಳೆಗೆ ಚೆಲ್ಲಬೇಡ, ಒಂದು ಬದಿ ರಾಶಿ ಹಾಕು ಎಂದೆ. ಮೇಲೆ ತಾಡಪತ್ರೆ ಹೊದಿಸಲು ಅಡ್ಡಿಯಿಲ್ಲ. ಹಾನಿ ಹೆಚ್ಚದ ಹಾಗೆ ನೋಡಿಕೊಳ್ಳುವುದು ಪಾಲಿಸಿದಾರನ ಕರ್ತವ್ಯ ಎಂದೇ ಷರತ್ತಿನಲ್ಲಿದೆ, ಅದರ ರಸೀದಿ ಇಟ್ಟುಕೊಂಡರೆ ಸಾಕು.

ಸರ್ವೇಯರ್ ಬಂದರು. ಹುಡುಗ ವಯಸ್ಸಿನವರು, ಹುಬ್ಬಳ್ಳಿ ಕಡೆಯ ಮಾತು. ಮುರಿದ ಪಕಾಸು ಎಷ್ಟು, ರೀಪು ಎಷ್ಟು ಅಡಿ, ಹಂಚು ಎಷ್ಟು ಎಂದು ಒಂದೊಂದಾಗಿ ಬರೆದುಕೊಂಡರು. ಮರ ಬಿದ್ದ ಹೊಡೆತಕ್ಕೆ ಒಡೆದ ಬಾವಿಯ ಪಂಪಿನ ಪೈಪನ್ನೂ ಬರೆದರು. ಹಿಂದಿನ ಗೋಡೆಯಲ್ಲಿ ಒಂದು ಬಿರುಕು ಇತ್ತು. ಅದೂ ಇದರಿಂದಲೇ ಆದದ್ದು ಎಂದು ಮಗ ಹೇಳಿದ. ಅವರು ಬಿರುಕಿನೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರು. ಒಳಗೆ ಹಸಿರು ಪಾಚಿ ಕಟ್ಟಿತ್ತು. ‘ಇದು ಈ ಮಳೆಯದ್ದಲ್ಲ’ ಎಂದು ಆ ಗೋಡೆಯನ್ನು ಬಿಟ್ಟರು. ಅವರು ಮಾಡಿದ್ದು ಸರಿ ಎಂದು ನಾನು ಅಲ್ಲಿಯೇ ಹೇಳಿದೆ. ಈ ಪಾಲಿಸಿ ಪಟ್ಟಿಯಲ್ಲಿರುವ ಅವಘಡಗಳಿಗೆ ಮಾತ್ರ. ವರ್ಷಗಟ್ಟಲೆ ಸೋರಿದ ಮಾಡು, ಒರಲೆ ತಿಂದ ಜಂತಿ, ಹಳೆಯ ಬಿರುಕು ಆ ಪಟ್ಟಿಯಲ್ಲಿ ಇಲ್ಲ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ, ಮನೆಯ ಒಳಗೂ ಹೊರಗೂ ಫೋಟೋ ತೆಗೆದು ತಾರೀಖು ಸಹಿತ ಮೊಬೈಲಿನಲ್ಲಿ ಇಟ್ಟುಕೊಂಡರೆ ಹೊಸ ಬಿರುಕು ಯಾವುದು, ಹಳೆಯದು ಯಾವುದು ಎಂಬ ಜಗಳ ಹುಟ್ಟುವುದೇ ಇಲ್ಲ.

ಹಣ ಮಂಜೂರಾಯಿತು, ಆದರೆ ಮೊದಲು ಬಂದದ್ದು ಬ್ಯಾಂಕಿಗೆ. ಸಾಲ ಇರುವ ಮನೆಯ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ, ಪರಿಹಾರದ ಮೇಲೆ ಅದರ ಹಕ್ಕು ಮೊದಲು. ಬ್ಯಾಂಕು ಅದನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಹುದು, ರಿಪೇರಿಗೆ ಬಿಟ್ಟುಕೊಡಲೂಬಹುದು. ಅಕ್ಕ ಮತ್ತು ಮಗ ಶಾಖೆಗೆ ಹೋಗಿ, ರಿಪೇರಿಗೆ ಬಿಡಿ, ಕಂತು ತಪ್ಪಿಸಿಲ್ಲ ಎಂದು ಬರೆದುಕೊಟ್ಟ ಮೇಲೆ ಹಣ ಕೈಗೆ ಬಂತು. ಆ ಪತ್ರ ಬರೆಯದಿದ್ದರೆ ಸಾಲ ಅಷ್ಟು ಇಳಿಯುತ್ತಿತ್ತು, ಅಡುಗೆಮನೆ ಆಕಾಶ ನೋಡುತ್ತಾ ಇರುತ್ತಿತ್ತು.

ಬ್ಯಾಂಕು ಮಾಡಿಸಿದ ಪಾಲಿಸಿಯಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಕಡೆ ಅದು ಸಾಲದ ಮೊತ್ತಕ್ಕೆ ಮಾತ್ರ ಇರುತ್ತದೆ. 16 ಲಕ್ಷದ ಮನೆಗೆ 6 ಲಕ್ಷ ಸಾಲ ತೆಗೆದಿದ್ದರೆ ವಿಮೆಯೂ 6 ಲಕ್ಷಕ್ಕೆ. ಸರಿಯಾದ ಲೆಕ್ಕ ಬೇರೆ: ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು ಇವತ್ತು ಕಟ್ಟಲು ಬೀಳುವ ದರದಿಂದ ಗುಣಿಸಬೇಕು. 800 ಚದರಡಿ, ಚದರಡಿಗೆ 2,000 ರೂಪಾಯಿ ಹಿಡಿದರೆ 16 ಲಕ್ಷ. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಭಟ್ಕಳ ಪೇಟೆಯಲ್ಲಿ ಗುಂಟೆಗೆ ಎಷ್ಟು, ಗೋಕರ್ಣದಲ್ಲಿ ಎಷ್ಟು ಎಂಬುದು ವಿಮೆಗೆ ಬೇಡ, ಜಾಗವನ್ನು ಗಾಳಿ ಹೊತ್ತೊಯ್ಯುವುದಿಲ್ಲ. ಕಟ್ಟಡದ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. 16 ಲಕ್ಷದ ಮನೆಗೆ 3.2 ಲಕ್ಷ. ಹಳೆಯ ಪಾಲಿಸಿಗಳಲ್ಲಿ ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಇದ್ದರೆ ಸಣ್ಣ ನಷ್ಟದಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತವನ್ನು ತೆಗೆದಿದ್ದಾರೆ. ಜನರ ಪರವಾದ ದೊಡ್ಡ ಬದಲಾವಣೆ ಇದು, ಏಜೆಂಟರೂ ಇದನ್ನು ಹೇಳುವುದಿಲ್ಲ. ಪ್ರೀಮಿಯಂ ವಿಷಯಕ್ಕೆ ಬಂದರೆ, ಇಂಥ ಮನೆಗೆ ಒಬ್ಬರ ಮೊಬೈಲಿಗೆ ವರ್ಷಕ್ಕೆ ಹಾಕಿಸುವ ರೀಚಾರ್ಜಿನ ಹಣ ಸಾಕು.

ಇಲ್ಲದ್ದರ ಪಟ್ಟಿಯನ್ನೂ ಹೇಳಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಟಿವಿ, ಫ್ರಿಜ್, ಪಂಪಿನ ಸ್ಟಾರ್ಟರ್ ಸುಟ್ಟುಹೋಗುವುದು ನಮ್ಮಲ್ಲಿ ಸಾಮಾನ್ಯ. ಸಿಡಿಲು ಪಾಲಿಸಿಯಲ್ಲಿ ಇದೆ, ಆದರೆ ಶಾರ್ಟ್ ಸರ್ಕ್ಯೂಟ್, ವಿದ್ಯುತ್ ಒತ್ತಡ ಹೆಚ್ಚಾಗಿ ಸುಟ್ಟ ಆ ಯಂತ್ರಕ್ಕೆ, ಕಾರಣ ಸಿಡಿಲೇ ಆಗಿದ್ದರೂ, ಹಣ ಇಲ್ಲ. ಅದರಿಂದ ಹೊತ್ತಿದ ಬೆಂಕಿ ಮನೆಯ ಉಳಿದ ಭಾಗಕ್ಕೆ ತಗುಲಿದರೆ ಆ ಭಾಗಕ್ಕೆ ಇದೆ. ಬಂಗಾರಕ್ಕೆ ಬೇರೆಯೇ ಹೆಚ್ಚುವರಿ ರಕ್ಷಣೆ ಕೊಳ್ಳಬೇಕು. ಬಲೆ, ದೋಣಿ, ಔಟ್‌ಬೋರ್ಡ್ ಎಂಜಿನ್, ಅಂಗಡಿಯ ಮಾಲು ಮನೆಬಳಕೆಯ ಸಾಮಾನಲ್ಲ, ಅವಕ್ಕೆ ಬೇರೆ ಪಾಲಿಸಿ ಬೇಕು. ಹಿತ್ತಲಿನ ಕೊಟ್ಟಿಗೆಯನ್ನು ಪ್ರಸ್ತಾವದ ಅರ್ಜಿಯಲ್ಲಿ ಹೆಸರು ಹೇಳಿ ಬರೆಸಿ. ಸೋಗೆ, ಬಿದಿರು, ಪ್ಲಾಸ್ಟಿಕ್, ತಾಡಪತ್ರೆ ಹೊದಿಸಿದ ಭಾಗವನ್ನು ಪಾಲಿಸಿ ಕಚ್ಚಾ ಕಟ್ಟಡ ಎಂದು ಕರೆಯುತ್ತದೆ. ಮನೆಗೆ ಅಂಟಿಕೊಂಡ ಅಂಥ ಮಾಡು ಇದ್ದರೆ ಅರ್ಜಿಯಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಒಳ್ಳೆಯದು.

ಭಟ್ಕಳದಲ್ಲಿ ಮನೆಯವರೆಲ್ಲ ದುಬೈ, ಸೌದಿಯಲ್ಲಿದ್ದು ಬೀಗ ಹಾಕಿದ ದೊಡ್ಡ ಮನೆಗಳು ಬೀದಿ ಬೀದಿಯಲ್ಲಿವೆ. ಹಳೆಯ ಮಾದರಿಯ ಬೆಂಕಿ ವಿಮೆಯಲ್ಲಿ ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತು ಇತ್ತು. ನಿಮ್ಮ ಕೈಯಲ್ಲಿರುವುದು ಯಾವ ಪಾಲಿಸಿ ಎಂದು ನೋಡಿ, ಬೀಗ ಹಾಕುವ ಮೊದಲು ಕಂಪನಿಗೆ ಲಿಖಿತವಾಗಿ ತಿಳಿಸಿ, ಉತ್ತರ ತರಿಸಿಕೊಳ್ಳಿ.

ಇನ್ನು ಗುಡ್ಡದ ವಿಷಯ. 2022ರ ಆಗಸ್ಟ್ 2ರ ಬೆಳಗ್ಗೆ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಹೋದರು. ಆ ರಾತ್ರಿ ಭಟ್ಕಳದಲ್ಲಿ ಬಿದ್ದ ಮಳೆ 500 ಮಿಲಿಮೀಟರ್ ದಾಟಿತ್ತು. 2024ರ ಜುಲೈ 16ರಂದು ಕುಮಟಾದ ಆಚೆ ಬದಿಗೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಗಂಗಾವಳಿ ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಎದ್ದು ಎದುರು ದಂಡೆಯ ಉಳುವರೆಯ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಗುಡ್ಡ ಒಂದು ದಂಡೆಯಲ್ಲಿ ಬಿದ್ದು ಮನೆ ಇನ್ನೊಂದು ದಂಡೆಯಲ್ಲಿ ಹೋಗುವುದನ್ನು ನಮ್ಮ ಹಿರಿಯರು ಕಂಡಿರಲಿಲ್ಲ.

ಭೂಕುಸಿತ ಪಾಲಿಸಿಯಲ್ಲಿ ಇದೆ ಎಂದೆನಲ್ಲ, ಅದರ ಕೆಳಗೇ ಅಪವಾದಗಳೂ ಇವೆ. ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು ಇಲ್ಲ. ಮಣ್ಣು ತುಂಬಿ ಮಾಡಿದ ಜಾಗ ಕುಸಿದರೆ ಇಲ್ಲ. ಗದ್ದೆ ತುಂಬಿಸಿ ಮನೆ ಕಟ್ಟಿದವರು ಈ ಸಾಲನ್ನು ಎರಡು ಸಲ ಓದಬೇಕು. ಕೆಟ್ಟ ವಿನ್ಯಾಸ, ಕಳಪೆ ಕೆಲಸದಿಂದ ಆದದ್ದು ಇಲ್ಲ. ಕಟ್ಟಡ ಕೆಲಸ, ನೆಲ ಅಗೆಯುವ ಕೆಲಸದಿಂದ ಆದ ಕುಸಿತವೂ ಇಲ್ಲ. ಅಗೆದವರು ಯಾರು ಎಂದು ಆ ಸಾಲು ಕೇಳುವುದಿಲ್ಲ. ಮನೆಯ ಯಜಮಾನ ತಾನೇ ಜೆಸಿಬಿ ತರಿಸಿ ಹಿಂದಿನ ಧರೆ ಕಡಿಸಿದರೆ ಕಂಪನಿ ಹಣ ಕೊಡದಿರುವುದು ನ್ಯಾಯ. ಹೆದ್ದಾರಿ ಅಗಲ ಮಾಡಲು ಬೇರೆ ಯಾರೋ ಗುಡ್ಡವನ್ನು ನೇರ ಗೋಡೆಯ ಹಾಗೆ ಕಡಿದು, ಅದು ಮಳೆಗೆ ಜರಿದು, ಮೇಲಿನ ಅಥವಾ ಕೆಳಗಿನ ಮನೆ ಹೋದರೆ? ಆ ಮನೆಯವರು ಹಾರೆ ಮುಟ್ಟಿಲ್ಲ, ಬೇಡ ಎಂದು ಅರ್ಜಿ ಕೊಟ್ಟವರೂ ಇದ್ದಾರೆ. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯ ಪಕ್ಕ ಹೀಗೆ ಕಡಿದ ಧರೆಯ ಕೆಳಗೆ, ಮೇಲೆ ಎಷ್ಟು ಮನೆಗಳಿವೆ ಎಂಬುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಈ ಅಪವಾದ ಪಾಲಿಸಿದಾರ ತಾನೇ ಮಾಡಿಸಿದ ಅಗೆತಕ್ಕೆ ಮಾತ್ರ ಎಂದು ಐಆರ್‌ಡಿಎಐ ಒಂದು ಸಾಲು ಸೇರಿಸಬೇಕು. ಕಂಪನಿ ಮೊದಲು ಮನೆಯವರಿಗೆ ಹಣ ಕೊಡಲಿ, ಆಮೇಲೆ ಗುಡ್ಡ ಕಡಿದವರಿಂದ ವಸೂಲು ಮಾಡಿಕೊಳ್ಳಲಿ. ವಿಮೆಯ ಕಾನೂನಿನಲ್ಲಿ ಅದಕ್ಕೆ ದಾರಿ ಇದೆ, ವಾಹನ ಅಪಘಾತಗಳಲ್ಲಿ ಅದನ್ನು ಬಳಸುತ್ತಲೂ ಇದ್ದಾರೆ.

ಅದೇ ಅಪವಾದಗಳ ನಡುವೆ ಇನ್ನೊಂದು ಇದೆ, ನಾನು ಈ ಬರಹಕ್ಕೆ ಕೂತದ್ದೇ ಅದರಿಂದಾಗಿ. ಕಡಲು ಅಥವಾ ನದಿ ದಂಡೆ ಕೊರೆದು ಆದ ಕುಸಿತಕ್ಕೆ ವಿಮೆ ಇಲ್ಲ. ಗಾಳಿ ಹಂಚು ಹಾರಿಸಿದರೆ ಇದೆ, ನೀರು ಜಗಲಿಗೆ ಬಂದು ಗೋಡೆ ಕುಸಿದರೆ ಇದೆ, ಅದೇ ನೀರು ಮನೆಯ ಅಡಿಯ ಮರಳನ್ನು ಎಳೆದುಕೊಂಡು ಹೋಗಿ ಮನೆ ಜಾರಿದರೆ ಇಲ್ಲ. ಕಾಸರಕೋಡ ಟೊಂಕ, ಪಾವಿನಕುರ್ವೆ, ಜಾಲಿ, ತೆಂಗಿನಗುಂಡಿಯ ದಂಡೆಗಳಲ್ಲಿ ಮನೆ ಹೋಗುವುದು ಹೀಗೆಯೇ. ಒಂದು ಮಳೆಗಾಲಕ್ಕೆ ಬೇಲೆ ಹತ್ತಿರ ಬರುತ್ತದೆ, ಮರು ಮಳೆಗಾಲಕ್ಕೆ ಗಾಳಿಮರಗಳು ಬೀಳುತ್ತವೆ, ಅದರ ಮರುವರ್ಷ ಬಾವಿಗೆ ಉಪ್ಪುನೀರು. ಮನೆಯ ಸರದಿ ಆಮೇಲೆ. ಶರಾವತಿ, ಅಘನಾಶಿನಿ ಕಡಲು ಸೇರುವಲ್ಲಿನ ಕುರ್ವೆಗಳಲ್ಲಿ ಹೊಳೆಯದ್ದೂ ಅದೇ ಕೆಲಸ. ಲಿಂಗನಮಕ್ಕಿ ತುಂಬಿ ಗೇರುಸೊಪ್ಪೆಯಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ ಡಂಗುರ ಬರುತ್ತದೆ. ನೆರೆ ಇಳಿದ ಮೇಲೆ ದಂಡೆ ಎಷ್ಟು ಹೋಯಿತು ಎಂದು ಅಳೆಯಲು ಯಾರೂ ಬರುವುದಿಲ್ಲ.

ಟೊಂಕದ ಕಡೆಯ ಒಬ್ಬ ಮೀನುಗಾರ ಮಹಿಳೆ ಪಾಲಿಸಿ ತಂದು ನನ್ನ ಮುಂದೆ ಇಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಜೋಪಾನ ಮಾಡಿದ್ದರು, ಪ್ರೀಮಿಯಂ ಒಂದೂ ಬಾಕಿ ಇರಲಿಲ್ಲ. ಮನೆಯ ಕಡಲ ಬದಿಯ ಮೂಲೆ ಇಳಿದಿತ್ತು. ‘ಅಕ್ಕೋರೆ, ತೂಫಾನಿಗೆ ಇದೆ ಅಂದಿದ್ರು. ಆ ದಿನ ತೂಫಾನೇ ಇತ್ತಲ್ಲ?’ ಅವರ ಪ್ರಶ್ನೆಯಲ್ಲಿ ನ್ಯಾಯ ಇತ್ತು. ಕಡಲು ಕೊರೆದದ್ದು ನಿಧಾನವಾಗಿ ವರ್ಷಾನುಗಟ್ಟಲೆಯೋ, ಆ ಒಂದು ರಾತ್ರಿಯ ಬಿರುಗಾಳಿಯ ಅಲೆಯೋ? ಮೊದಲನೆಯದಾದರೆ ಕೊರೆತ, ಎರಡನೆಯದಾದರೆ ಬಿರುಗಾಳಿ, ನೀರು ನುಗ್ಗಿದ್ದು ಎಂದು ವಾದಿಸಲು ಜಾಗ ಇದೆ. ಹಾಗೆ ವಾದಿಸಬೇಕಾದರೆ ಆ ದಿನದ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ, ಹೊನ್ನಾವರದ ಹವಾಮಾನ ಕೇಂದ್ರದ ಗಾಳಿ ಮತ್ತು ಮಳೆಯ ದಾಖಲೆ, ಪಂಚಾಯಿತಿ ಮಳೆಮಾಪಕದ ಅಂಕಿ, ಹಿಂದಿನ ವಾರ ಮನೆ ಸುಸ್ಥಿತಿಯಲ್ಲಿತ್ತು ಎನ್ನುವ ಫೋಟೋ, ಕಂದಾಯ ಇಲಾಖೆಯ ಪಂಚನಾಮೆ ಎಲ್ಲ ಬೇಕು. ಪಂಚನಾಮೆಯಲ್ಲಿ ಗ್ರಾಮ ಆಡಳಿತಾಧಿಕಾರಿ ‘ಕಡಲ್ಕೊರೆತದಿಂದ ಹಾನಿ’ ಎಂದು ಬರೆದರೆ ಅಲ್ಲಿಗೆ ಮುಗಿಯಿತು, ಕಂಪನಿ ಅದನ್ನೇ ತೋರಿಸುತ್ತದೆ. ಬಿರುಗಾಳಿ, ಅಲೆಯ ಹೊಡೆತ ಇದ್ದದ್ದು ನಿಜವಾದರೆ ಅದನ್ನು ಬರೆಯಿರಿ ಎಂದು ಕೇಳುವುದು ಮನೆಯವರ ಹಕ್ಕು.

ಸರ್ಕಾರದ ಪರಿಹಾರಕ್ಕೆ ಹೋದರೂ ಬಾಗಿಲು ದೊಡ್ಡದಾಗಿ ತೆರೆದಿಲ್ಲ. ವಿಪತ್ತು ಪರಿಹಾರ ನಿಧಿಯಿಂದ ಹಣ ಕೊಡಲು ಕೇಂದ್ರ ಗುರುತಿಸಿದ ಪಟ್ಟಿಯಲ್ಲಿ 12 ವಿಕೋಪಗಳಿವೆ. ಚಂಡಮಾರುತ, ನೆರೆ, ಭೂಕುಸಿತ ಇವೆ, ಹಿಮಪಾತ, ಶೀತಗಾಳಿ ಕೂಡ ಇವೆ, ಕಡಲ್ಕೊರೆತ ಇಲ್ಲ. ಇರುವವಕ್ಕೂ 2022-26ರ ಮಾನದಂಡದಲ್ಲಿ ಬಯಲು ಪ್ರದೇಶದ ಪೂರ್ತಿ ಬಿದ್ದ ಪಕ್ಕಾ ಮನೆಗೆ 1.20 ಲಕ್ಷ ರೂಪಾಯಿ, ಭಾಗಶಃ ಹಾನಿಗೆ 6,500. ಹಾನಿ ಶೇ. 15 ಮುಟ್ಟದಿದ್ದರೆ ಅದೂ ಇಲ್ಲ. ತೆಂಗಿನ ಮರ ಬಿದ್ದ ಆ ಅಡುಗೆಮನೆಯ ಮರಮಟ್ಟಿಗೇ 6,500 ಸಾಲದು. 2019ರ ನೆರೆಯ ನಂತರ ರಾಜ್ಯ ಸರ್ಕಾರ ಪೂರ್ತಿ ಹೋದ ಮನೆಗೆ 5 ಲಕ್ಷದವರೆಗೆ ಕೊಟ್ಟಿತ್ತು, ಆದರೆ ಅಂಥದ್ದು ಆಯಾ ವರ್ಷದ ಸರ್ಕಾರದ ಮನಸ್ಸು. 15ನೇ ಹಣಕಾಸು ಆಯೋಗ ಕೊರೆತದಿಂದ ಸ್ಥಳಾಂತರಗೊಂಡವರ ಪುನರ್ವಸತಿಗೆಂದು ರಾಷ್ಟ್ರೀಯ ನಿಧಿಯಲ್ಲಿ 1,000 ಕೋಟಿ ರೂಪಾಯಿ, ಕೊರೆತ ತಡೆಯಲು 1,500 ಕೋಟಿ ಎತ್ತಿಡಲು ಹೇಳಿತ್ತು. ದಂಡೆ ಕೊರೆತ ದೇಶದ ಸಮಸ್ಯೆ ಎಂದು ದಿಲ್ಲಿಯಲ್ಲಿ ಒಪ್ಪಿಕೊಂಡಾಗಿದೆ. ಹಾಗಿರುವಾಗ ಅದು ವಿಕೋಪದ ಪಟ್ಟಿಯಲ್ಲೂ ಇಲ್ಲ, ವಿಮೆಯಲ್ಲೂ ಇಲ್ಲ ಎಂದರೆ ಆ ಟೊಂಕದ ಹೆಂಗಸು ಯಾವ ಕಚೇರಿಗೆ ಹೋಗಬೇಕು?

ಕಡಲು ಕೊರೆಯುವುದು ಖಚಿತ ಎಂದು ಗೊತ್ತಿರುವ ಕಡೆ ಕಂಪನಿ ಹೇಗೆ ವಿಮೆ ಕೊಟ್ಟೀತು ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಒಂದೊಂದು ಮನೆಯವರೂ ಅದನ್ನು ಬೇರೆ ಬೇರೆಯಾಗಿ ಕೊಳ್ಳಲಾರರು, ಕಂಪನಿಯೂ ಮಾರಲಾರದು. ಅದಕ್ಕೇ ಸರ್ಕಾರ ಎಲ್ಲರ ಪರವಾಗಿ ಕೊಳ್ಳಬೇಕು ಎನ್ನುತ್ತೇನೆ. 2024ರಲ್ಲಿ ನಾಗಾಲ್ಯಾಂಡ್ ಸರ್ಕಾರ ಮಳೆಯ ಪ್ರಮಾಣ ಆಧರಿಸಿದ ವಿಪತ್ತು ವಿಮೆಯನ್ನು ಇಡೀ ರಾಜ್ಯಕ್ಕೆ ಮಾಡಿಸಿತು. ಮಳೆ ಗೊತ್ತಾದ ಮಿತಿ ದಾಟಿದರೆ ಹಣ ಸರ್ಕಾರಕ್ಕೆ ಬರುತ್ತದೆ, ಸರ್ವೇಯರ್ ಪ್ರತಿ ಮನೆಗೆ ಬರಬೇಕಿಲ್ಲ. ನಮ್ಮ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಲೆಕ್ಕವೇ ಇದು. ತೋಟಕ್ಕೆ ಮಾಡಿದ್ದನ್ನು ಕರಾವಳಿಯ ಮೂರು ಜಿಲ್ಲೆಗಳ ದಂಡೆಯ ಮನೆಗಳಿಗೆ, ಗಾಳಿಯ ವೇಗ ಮತ್ತು ಅಲೆಯ ಎತ್ತರ ಹಿಡಿದು, ಕರ್ನಾಟಕ ಯಾಕೆ ಮಾಡಬಾರದು?

ತೆರಿಗೆಯ ಮಾತೂ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ತೆಗೆದರು. ಮನೆ ವಿಮೆಯ ಮೇಲೆ ಶೇ. 18 ಹಾಗೇ ಇದೆ. ಮನೆ ಬಿದ್ದಾಗ ಸರ್ಕಾರ ಪರಿಹಾರ ಕೊಡಬೇಕಾಗುತ್ತದೆ. ಆ ಹೊರೆ ಕಡಿಮೆ ಮಾಡಲು ಜನ ತಾವೇ ಮುಂದೆ ಬಂದು ಹಣ ಕಟ್ಟುವಾಗ ಅದರ ಮೇಲೆ ತೆರಿಗೆ ಹಾಕುವುದು ತಪ್ಪು.

ಕ್ಲೇಮ್ ಹಾಕಿದವರು ತಿಳಿದಿರಬೇಕಾದ ಗಡುವುಗಳಿವೆ. 2024ರಲ್ಲಿ ಬಂದ ನಿಯಮದ ಪ್ರಕಾರ ಹಾನಿಯ ಸುದ್ದಿ ಮುಟ್ಟಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, ವರದಿ 15 ದಿನದಲ್ಲಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಸುದ್ದಿಯನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಸಂದೇಶವನ್ನೋ ಇ-ಮೇಲನ್ನೋ ಕಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ತಿರಸ್ಕರಿಸಿದರೆ ಯಾವ ಷರತ್ತಿನ ಅಡಿ ಎಂದು ಬರಹದಲ್ಲಿ ಕೇಳಿ. ಒಪ್ಪಿಗೆಯಾಗದಿದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ, ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಕಾಣದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಡ. ಐಆರ್‌ಡಿಎಐನ ಸಹಾಯವಾಣಿ 155255. ನಮ್ಮ ಕಡೆಯವರು ‘ಆಗೂದಿಲ್ಲ’ ಎಂಬ ಒಂದು ಮಾತಿಗೆ ಎದ್ದು ಬಂದುಬಿಡುತ್ತಾರೆ. ನಾನು ಕೌಂಟರಿನ ಈಚೆ ಬದಿ ಕೂತು ಅದನ್ನು ನೋಡಿದವಳು, ನನಗೆ ಅದು ಇನ್ನೂ ಸಂಕಟ ಕೊಡುತ್ತದೆ.

ಬ್ಯಾಂಕುಗಳಿಗೆ, ಸಹಕಾರಿ ಸಂಘಗಳಿಗೆ ನನ್ನ ಒತ್ತಾಯ ಇಷ್ಟು: ಮನೆ ಸಾಲದ ಕಡತದಲ್ಲಿರುವ ಪ್ರತಿ ಪಾಲಿಸಿಯ ಪ್ರತಿಯನ್ನು ಮನೆಯವರಿಗೆ ಕೊಡಿ, ಜೊತೆಗೆ ಕನ್ನಡದಲ್ಲಿ ಒಂದು ಪುಟ. ಮೊತ್ತ ಎಷ್ಟು, ಯಾವಾಗ ಮುಗಿಯುತ್ತದೆ, ಯಾವ ಹಾನಿಗೆ ಇದೆ, ಯಾವುದಕ್ಕೆ ಇಲ್ಲ, ಯಾವ ನಂಬರಿಗೆ ಫೋನ್ ಮಾಡಬೇಕು. ಸಾಲ ತೀರಿದ ದಿನ ಪಾಲಿಸಿಯೂ ನಿಲ್ಲಬಹುದು, ಹೊಸದಾಗಿ ಮಾಡಿಸಿಕೊಳ್ಳಿ ಎಂದು ಆ ದಿನವೇ ಹೇಳಿ. ಮೂರೂ ತಾಲೂಕುಗಳ ದಂಡೆಯ ಪಂಚಾಯಿತಿಗಳು ಮುಂದಿನ ಗ್ರಾಮಸಭೆಯಲ್ಲಿ ಮೂರು ಠರಾವು ಮಾಡಿ ಶಾಸಕರ, ಸಂಸದರ ಕೈಗೆ ಕೊಡಲಿ: ಕಡಲ್ಕೊರೆತ ಮತ್ತು ನದಿ ಕೊರೆತ ಕೇಂದ್ರದ ವಿಕೋಪಗಳ ಪಟ್ಟಿಗೆ ಸೇರಬೇಕು, ಬೇರೆಯವರು ಕಡಿದ ಗುಡ್ಡ ಜರಿದರೆ ಮನೆಯವರ ವಿಮೆ ತಪ್ಪಬಾರದು, ದಂಡೆಯ ಮನೆಗಳಿಗೆ ರಾಜ್ಯ ಸರ್ಕಾರ ಸಾಮೂಹಿಕ ವಿಮೆ ಮಾಡಿಸಬೇಕು. ಠರಾವಿನ ಕರಡು ಬರೆದುಕೊಡಲು ನಾನು ತಯಾರಿದ್ದೇನೆ, ಕೇಳಿದ ಪಂಚಾಯಿತಿಗೆ ಬಂದು ಓದಿ ಹೇಳಲೂ ತಯಾರಿದ್ದೇನೆ.